ತುಕ್ಕು

ಅಕ್ಕನ ಮಗ ರೋಯ್ಸ್, ಶನಿವಾರ ಬೆಳಿಗ್ಗೆ,
ಎದೆಗಡ್ಡ ರೈಫಲ್ ತೂಗುಹಾಕಿಕೊಂಡು
ವಿಲ್ಮಾಳ ಹೋಟೆಲಿಗೆ ಪ್ಯಾನ್‌ಕೇಕ್ ತಿನ್ನಲು ಹೋದ.
ಜೊತೆಗೆ ಮೂವರು. ಒಬ್ಬನ ಕೈಲಿ ಕ್ಯಾಮೆರಾ.

ಕಾನೂನು ಅವರ ಕಡೆಗೇ ಇತ್ತು. ಟೆಕ್ಸಸ್ ಇದು.
ಆದರೆ ಕಾಫಿ ಬಗ್ಗಿಸುತ್ತಿದ್ದ ವಿಲ್ಮಾ
ಬಟ್ಟಲು ತುಂಬಿದ್ದು ಕಾಣದೆ ಬಗ್ಗಿಸುತ್ತಲೇ ಇದ್ದಳಂತೆ.
ಕಿಟಕಿ ಪಕ್ಕದ ತಾಯಿ ಮಗುವಿನ ತಲೆಯನ್ನು
ಮೇಜಿನ ಕೆಳಗೆ ಒತ್ತಿ ಹಿಡಿದಿದ್ದಳು,
ಅದರ ಕೂದಲಿಗೆಲ್ಲ ಪಾಕ.

"ಬಳಸದ ಹಕ್ಕಿಗೆ ತುಕ್ಕು ಹಿಡಿಯುತ್ತೆ, ಮಾವ"
ಅಂದ, ನನ್ನ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತು.
ಮಾತು ಚೆನ್ನಾಗಿದೆ.
ತುಕ್ಕಿನ ವಿಷಯ ಮಾತ್ರ ನನಗೆ ಬಿಡು, ಅಂದೆ.
ಮೂವತ್ತೆಂಟು ವರ್ಷ ಉಕ್ಕು ಉಜ್ಜಿದ ಕೈ ಇದು.
ಎಣ್ಣೆಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿದ ಕೋವಿ
ಅಜ್ಜನಿಂದ ಮೊಮ್ಮಗನಿಗೆ ಹೊಳೆಯುತ್ತಲೇ ಬರುತ್ತದೆ.
ತುಕ್ಕು ತಿಂದು ರಿಪೇರಿಗೆ ಬರುವುದು
ಬಂದವರಿಗೆಲ್ಲ ತೋರಿಸಿ, ಸವರಿ ಸವರಿ,
ಬೆವರಿದ ಬೆರಳಚ್ಚು ಬಿಟ್ಟವು.

ಅವನು ನಗಲಿಲ್ಲ.
ಹೆದರಿದ್ದು ಹೆದರಿದವರ ತಪ್ಪು, ಎಂದ.
ಇರಬಹುದು. ಅವನ ವಯಸ್ಸಿನಲ್ಲಿ
ನಾನೂ ಇದನ್ನೇ ಅನ್ನುತ್ತಿದ್ದೆನೋ ಏನೋ.

ಸೋಮವಾರ ವಿಲ್ಮಾಳ ಬಾಗಿಲಿಗೆ ಚೀಟಿ ಬಿತ್ತು:
ಒಳಗೆ ಆಯುಧ ತರಬೇಡಿ, ಕಾಣುವುದೂ, ಕಾಣದ್ದೂ.
ಇಷ್ಟು ವರ್ಷ ನನ್ನ ಕೋಟಿನೊಳಗೆ ಇದ್ದದ್ದು
ಅವಳಿಗೆ ಗೊತ್ತಿತ್ತು; ಒಮ್ಮೆಯೂ ಕೇಳಿರಲಿಲ್ಲ.
ಟ್ರಕ್ಕಿನ ಖಾನೆಯಲ್ಲಿಟ್ಟು ಬೀಗ ಹಾಕಿ
ಒಳಗೆ ಹೋದೆ.
ಎಡಗಡೆ ಹಗುರ, ನಡಿಗೆ ಸೊಟ್ಟ.
ವಿಲ್ಮಾ ಕಾಫಿ ತಂದಳು.
ಬಟ್ಟಲು ಅರ್ಧಕ್ಕೇ ನಿಲ್ಲಿಸಿದಳು.