ಅರವತ್ತರವರೆಗೆ ಎಣಿಸು

ಗಾರ್ವೇಬಾವಿಪಾಳ್ಯದ ಆರನೇ ಅಡ್ಡರಸ್ತೆಯಲ್ಲಿ
ಹನ್ನೊಂದು ರೂಮು, ಎರಡು ಕಕ್ಕಸು, ಒಂದು ನಲ್ಲಿ.
ಯಾವ ಬಾಗಿಲಿಗೆ ಯಾವ ಭಾಷೆ ಎಂದು
ಚಪ್ಪಲಿ ನೋಡಿ ಹೇಳಬಲ್ಲೆ.
ಒಡಿಶಾದ ಹೆಂಗಸರದು ಸಂತೆಯ ಒಂದೇ ನಮೂನೆ,
ಅಸ್ಸಾಮಿನವಳದು ಗಂಡನ ಸೈಜು,
ನೇಪಾಳದ ದಿಲ್‌ಮಾಯಾಳದು ಬೂಟು, ಅದೂ ಮೈದಾ ಮೆತ್ತಿದ್ದು.

ಮೊದಲ ಸಲ ನನ್ನ ಗುಲಾಬಿ ಸೀರೆ ನೋಡಿ
ಪೋಲಿಯೋ ಎಂದುಕೊಂಡು ಮಗುವನ್ನು ಮುಂದೆ ತಳ್ಳಿದಳು.
ಎರಡನೇ ಸಲ, ಕಾರ್ಡು ಇಲ್ಲ ಎಂದಳು, ನಾನು ಕೇಳದೆಯೇ.
ಮೂರನೇ ಸಲ ಒಳಗಿದ್ದೂ ಬಾಗಿಲು ತೆಗೆಯಲಿಲ್ಲ,
ಕುಕ್ಕರ್ ಮಾತ್ರ ಕೂಗಿ ಹೇಳಿತು, ಇದ್ದಾಳೆ.

ಏನೆಂದು ಹೇಳಲಿ?
ಗರ್ಭಕೋಶದ ಬಾಯಿ ಎನ್ನಲು ಟ್ರೈನಿಂಗಿನಲ್ಲಿ ಕಲಿಸಿದ್ದರು,
ಕನ್ನಡದಲ್ಲಿ. ಅಷ್ಟನ್ನು ಸ್ವಂತ ಅಕ್ಕನಿಗೆ ಹೇಳಲಾಗದೆ
ಸೆರಗು ತಿರುಚಿದವಳು ನಾನು.
ಇವಳಿಗೆ ನನ್ನ ಹರಕು ಹಿಂದಿಯಲ್ಲಿ,
ಅದೂ ರಾತ್ರಿಪಾಳಿ ಮುಗಿಸಿದ ಮೈದುನ
ಹೊದ್ದು ಮಲಗಿರುವ ಕೋಣೆಯ ಹೊಸ್ತಿಲಲ್ಲಿ!
ಕ್ಯಾನ್ಸರ್ ಎಂಬ ಮಾತನ್ನಂತೂ ತೆಗೆಯುವುದಿಲ್ಲ.
ತೆಗೆದರೆ ಈ ಊರಲ್ಲಿ ಕಿದ್ವಾಯಿ ಎಂದಾಯಿತು,
ಕಿದ್ವಾಯಿ ಎಂದರೆ ಆಟೋದವನೂ
ಮೀಟರಿನ ಮೇಲೆ ಕೇಳುವುದಿಲ್ಲ.

ನಾಲ್ಕನೇ ಸಲ ಮನೆಗೆ ಹೋಗಲಿಲ್ಲ.
ಸಂಜೆ ಅವಳ ಗಾಡಿಯೆದುರು ನಿಂತು
ಒಂದು ಪ್ಲೇಟು ಮೊಮೊ ತಿಂದೆ, ದುಡ್ಡು ಕೊಟ್ಟೆ.
ಖಾರಕ್ಕೆ ಕಣ್ಣಲ್ಲಿ ನೀರು. ನಕ್ಕಳು.
ನಗುತ್ತಲೇ ಹಬೆಯ ಆಚೆಯಿಂದ ಕೇಳಿದಳು,
ಯಾವತ್ತು ಬರಲಿ ದೀದಿ? ಮಂಗಳವಾರ ಗಾಡಿ ರಜ.

ಮಂಗಳವಾರ. ಕ್ಲಿನಿಕ್ಕಿನ ಹಸಿರು ಪರದೆ.
ಹೊರಗೆ ಅವಳ ಬೂಟು, ಜಾಕೀಟು, ಫೋನು, ಮಗು,
ಎಲ್ಲ ನನ್ನ ಮಡಿಲಲ್ಲಿ.
ಇದ್ದಕ್ಕಿದ್ದಂತೆ ಒಳಗಿಂದ ಅವಳ ದನಿ:
ಇದು ವಿನೆಗರ್! ನಮ್ಮ ಗಾಡಿಯದೇ ವಾಸನೆ!
ಹೌದಮ್ಮ, ಅದೇ ಜಾತಿ, ಎಂದರು ಡಾಕ್ಟರು,
ಒಂದು ನಿಮಿಷ ಅಲುಗಬೇಡ,
ಅರವತ್ತರವರೆಗೆ ಎಣಿಸು.
ಎಕ್, ದುಇ, ತೀನ್, ಚಾರ್...
ಊರು ಬಿಟ್ಟು ಒಂಬತ್ತು ವರ್ಷ,
ಎಣಿಕೆ ಇನ್ನೂ ಅಲ್ಲಿಯದೇ.

ಒಂದು ಬಿಳಿ ಮಚ್ಚೆ, ಅಕ್ಕಿಕಾಳಿನಷ್ಟು.
ರೋಗವಲ್ಲ ಇನ್ನೂ. ರೋಗ ಬಂದು ಕೂರಲು
ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟಂತೆ ಅಷ್ಟೇ,
ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೆಂದಳು,
ಹಾಗಾದರೆ ಟವೆಲ್ ಎತ್ತಿ ಬಿಸಾಕೋಣ.

ಬಿಸಾಕಲು ಎರಡು ಬಸ್ಸು, ಮೂರು ಕ್ಯೂ,
ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ ಒಂದು ಜಗಳ.
ಆಧಾರ್ ಇಲ್ಲದ ಹೆಂಗಸಿಗೂ ಗರ್ಭಕೋಶ ಇರುತ್ತದೆ ಸ್ವಾಮಿ,
ಎಂದು ಕೂಗಿದವಳು ನಾನೇ.
ಗರ್ಭಕೋಶ! ಅಷ್ಟು ಜನರ ಮುಂದೆ!
ಸೆರಗು ಇದ್ದಲ್ಲೇ ಇತ್ತು.

ಹಿಂತಿರುಗುವಾಗ ಬಸ್ಸಿನಲ್ಲಿ
ಓದಲು ಬಾರದ ನನ್ನ ರಿಜಿಸ್ಟರನ್ನು ತಿರುವಿಹಾಕಿದಳು.
ಇನ್ನೂರ ಹದಿನಾಲ್ಕು ಹೆಸರು.
ನಿನ್ನದು ಯಾವುದು ದೀದಿ?
ಕಿಟಕಿಯಾಚೆ ನೋಡಿದೆ.
ಸಿಲ್ಕ್ ಬೋರ್ಡಿನಲ್ಲಿ ಎಷ್ಟು ಹೊತ್ತು
ಕಿಟಕಿ ನೋಡಬಹುದು, ನಿಮಗೇ ಗೊತ್ತು.
ಅಷ್ಟು ಹೊತ್ತೂ ಕಾದಳು.

ಇನ್ನೊಂದು ಮಂಗಳವಾರ. ಪರದೆಯ ಒಳಗೆ ನಾನು,
ನಲವತ್ತಾರು ವರ್ಷದ ನನ್ನ ಎರಡು ಮೊಣಕಾಲು, ವಿನೆಗರ್.
ಹೊರಗೆ ನನ್ನ ಚಪ್ಪಲಿ ಕಾಯುತ್ತ ಅವಳು,
ನನಗೋಸ್ಕರ ಗಟ್ಟಿಯಾಗಿ, ಕನ್ನಡದಲ್ಲಿ,
ಗಿರಾಕಿಗಳ ಚಿಲ್ಲರೆಯಿಂದ ಕಲಿತ ಕನ್ನಡದಲ್ಲಿ:
ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಐವತ್ತು!
ಮೂವತ್ತಕ್ಕೆ ಹಾಫು, ಐವತ್ತಕ್ಕೆ ಫುಲ್ಲು, ಅವಳ ಗಾಡಿಯಲ್ಲಿ.
ನಡುವಿನದನ್ನು
ನಾನೇ ಎಣಿಸಿಕೊಂಡೆ, ಅಲುಗದೆ.