ಪೌಡರ್ ಡಬ್ಬಿ

ಮೂರನೇ ದಿನಕ್ಕೇ ತಿರುಗಿ ಬಂತು
ಬೋಳಾರದ ಲ್ಯಾನ್ಸಿಯ ಬೈಕು.
ಮಾರುವ ಬ್ರೆಡ್ಡಿಗೂ ಹೊಗೆ ವಾಸನೆಯಂತೆ,
ನಿಲ್ಲಿಸಿದಲ್ಲಿ ಹಾಸಿದ ರಟ್ಟಿನ ಮೇಲೆ
ಕಾಸಗಲ ಎಣ್ಣೆ.
“ರಿಂಗ್ ಹೋಗಿರ್ಬೇಕು” ಎಂದ ಪಕ್ಕದ ಟಯರಿನವ.
ನಾನು ಹೂಂ ಅನ್ನಲಿಲ್ಲ.

ಸೀಮೆಎಣ್ಣೆಯಲ್ಲಿ ಇಂಜಿನ್ ತೊಳೆದು, ಒರೆಸಿ,
ಮೀಯಿಸಿದ ಮಗುವಿಗೆ ಬಳಿದ ಹಾಗೆ
ಪೌಡರ್ ಉದುರಿಸಿ
ಕಿಕ್ ಹೊಡೆದು ಕೂತೆ.

ಬಂತು.
ಬಿಳುಪಿನಲ್ಲಿ ಒಂದೇ ಒಂದು ಕಪ್ಪು ದಾರಿ,
ಹೆಡ್ಡಿನ ಸಂದಿಯಿಂದ ಇಳಿದು
ಸೈಲೆನ್ಸರಿನ ಕಾದ ಕೊರಳಿಗೆ.
ಒಳಗೇನೂ ಸುಡುತ್ತಿರಲಿಲ್ಲ,
ಹೊರಗೆ ಬಿದ್ದದ್ದೇ ಹೊಗೆ.

ಆ ಸಂದಿಗೆ ಹಳೇ ಗ್ಯಾಸ್ಕೆಟನ್ನೇ
ಮತ್ತೆ ಕೂರಿಸಿದವ ನಾನು,
ಬಿಲ್ಲಿನಲ್ಲಿ ಹೊಸದೆಂದು ಬರೆದವನೂ.

“ಎಂತ ಉಂಟು ಮೊಯ್ದಿನಬ್ಬ, ಸಿಕ್ಕಿತಾ?”
ಲ್ಯಾನ್ಸಿ ಬಗ್ಗಿ ಕೇಳುತ್ತಿದ್ದಾನೆ.
ಮುಚ್ಚಿದ ಡಬ್ಬಿಯ ಮುಚ್ಚಳವನ್ನು
ಇನ್ನೂ ತಿರುಗಿಸುತ್ತಲೇ ಇದ್ದೇನೆ.