ಹತ್ತು ಜನರ ಬುತ್ತಿ

ಸರ್ವಮಂಗಳೆಯ ಬಲಗೈಗೆ ಮೊಣಕೈವರೆಗೂ ಹಿಟ್ಟಿನ ಕಟ್ಟು.
ಬಚ್ಚಲ ಪಾಚಿಗೆ ಜಾರಿ ಇವತ್ತಿಗೆ ಹದಿನೆಂಟು ದಿನ.
ಬೆಳಗಿನ ಜಾವ ನಾಲ್ಕಕ್ಕೆ ಗಾಡಿ.
ಹಂಪಿಗೆ. ಹತ್ತು ಜನ.
"ಹೋಟ್ಲಲ್ಲೇ ತಿಂದ್ರಾಯ್ತು ಬುಡು" ಅಂದೆ.
ಅವಳು ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಲ್ಲೇ ಎಳೆದು
ಅಡುಗೆಮನೆ ಬಾಗಿಲಿಗೆ ಅಡ್ಡ ಕೂತಳು.
"ಅಕ್ಕಿ ತೊಳೀರಿ."

ಇಪ್ಪತ್ತಾರು ವರ್ಷ ಕಂಬ ಹತ್ತಿದವನು ನಾನು.
ಗುತ್ತಲಿನಿಂದ ಕೆರಗೋಡಿನವರೆಗೆ
ಯಾವ ಟ್ರಾನ್ಸ್‌ಫಾರ್ಮರ್ ಯಾವ ಮಳೆಗೆ ಕೆಮ್ಮುತ್ತದೆ, ಗೊತ್ತು.
ಸಾಸಿವೆ ಡಬ್ಬಿ ಯಾವುದು, ಗೊತ್ತಿಲ್ಲ.

"ಎಡಗಡೆ. ಅದಲ್ಲ, ಅದು ಗಸಗಸೆ.
ಅನ್ನ ಮೊರಕ್ಕೆ ಹರವಿ, ಫ್ಯಾನ್ ಹಾಕಿ.
ಬಿಸಿಬಿಸಿ ತುಂಬಿದ್ರೆ ತುರುವೇಕೆರೆಗೇ ಹಳಸೋಯ್ತದೆ."

ಅವಳ ತಲೆಯೊಳಗೆ ಒಂದು ರಸ್ತೆಯಿತ್ತು,
ಮೈಲಿಗಲ್ಲಿನ ಬದಲು ಹಸಿವು ನೆಟ್ಟಿದ್ದ ರಸ್ತೆ:
ನಾಗಮಂಗಲ ದಾಟಿದರೆ ಅವಳಿಗಳಿಗೆ ನಿಪ್ಪಟ್ಟು,
ಬೆಳ್ಳೂರು ಕ್ರಾಸಿಗೆ ಅವ್ವನ ಶುಗರ್ ಮಾತ್ರೆ, ಬೆನ್ನಿಗೇ ಎರಡು ಇಡ್ಲಿ,
ಹುಳಿಯಾರಲ್ಲಿ ಪುಳಿಯೋಗರೆ,
ಹಿರಿಯೂರಲ್ಲಿ ಮರ ನೋಡಿ ಮೊಸರನ್ನ,
ಚಪಾತಿ ರಾತ್ರಿಗೆ.

ಮೊಸರನ್ನಕ್ಕೆ ಮೊಸರು ಹಾಕಂಗಿಲ್ಲ ಅಂದಾಗ ನಕ್ಕೆ.
"ನಗಬೇಡಿ. ಅನ್ನ ಚೆನ್ನಾಗಿ ನುರೀರಿ,
ಕಾಯಿಸಿ ಆರಿಸಿದ ಹಾಲು ಹುಯ್ರಿ, ಒಂದು ಚಮಚ ಹೆಪ್ಪು.
ಉಪ್ಪು ಉಣ್ಣುವಾಗ.
ಗಾಡಿ ಓಡ್ತಾ ಓಡ್ತಾ ಅದೇ ಮೊಸರಾಯ್ತದೆ."
ಇಲ್ಲಿ ಸ್ವಿಚ್ಚು, ಅಲ್ಲೆಲ್ಲೋ ಹಿರಿಯೂರಲ್ಲಿ ದೀಪ.
ನಾನು ನಗುವುದು ಬಿಟ್ಟು ಅನ್ನ ನುರಿದೆ, ಹಾಲು ಹುಯ್ದೆ.
ಅಷ್ಟರಲ್ಲಿ ಆಫೀಸಿನ ಫೋನು:
ಹೊಳಲು ಫೀಡರ್ ಟ್ರಿಪ್ಪಾಗಿದೆ, ಬೀಗದ ಕೈ ಯಾರ ಹತ್ತಿರ?

ಹಂಸ ಲಟ್ಟಿಸಿದಳು, ನಾನು ಬೇಯಿಸಿದೆ.
ಸರ್ವಮಂಗಳೆ ಕುರ್ಚಿಯಿಂದಲೇ ಎಣಿಸಿದಳು:
"ಕೆಂಪರಾಜ ಮೂರು ಅಂತಾನೆ, ಐದು ಇಡಿ.
ಅವನ ಹೆಂಡ್ತಿಗೆ ಮೂರು.
ಅವಳಿಗಳು ಅರ್ಧರ್ಧ ತಿಂದು ಬುಡ್ತವೆ, ಆದ್ರೂ ಎರಡೆರಡು.
ಅವ್ವಂಗೆ ಎರಡು, ಹಂಸಂಗೆ ಮೂರು, ತೇಜೂಗೆ ನಾಲ್ಕು,
ನಿಮಗೆ ನಾಲ್ಕು. ಡ್ರೈವರ್ ರಫೀಕಂಗೆ ಐದು, ಪಾಪ ರಾತ್ರಿಯೆಲ್ಲ ಓಡಿಸ್ತಾನೆ.
ಮೂವತ್ತು. ಸಾಕು, ಒಲೆ ಆರಿಸಿ."

ಡಬ್ಬಿ ಗೊತ್ತಾಗಲಿ ಅಂತ ನನ್ನ ಚೀಲದ ಇನ್ಸುಲೇಷನ್ ಟೇಪು ಸುತ್ತಿದೆ.
ಕೆಂಪು ಪುಳಿಯೋಗರೆಗೆ,
ಹಳದಿ ಚಪಾತಿಗೆ, ಹುಚ್ಚೆಳ್ಳು ಪುಡಿಗೆ,
ನೀಲಿ ಹಾಲು ಹುಯ್ದ ಅನ್ನಕ್ಕೆ.
ಸುತ್ತುತ್ತ ಮತ್ತೆ ಎಣಿಸಿದೆ, ಮೀಟರು ಓದುವವನ ಹಾಗೆ.
ಒಂಬತ್ತು ಜನ.
"ನಿಂದು?"
"ಉಳಿದಿದ್ದು ಇದ್ದೇ ಇರ್ತದಲ್ಲ."

ಮತ್ತೆ ಒಲೆ ಹಚ್ಚಿದೆ.
ಮೂರು ಚಪಾತಿ, ಒಂದು ಸೀದದ್ದು.
ಪಕ್ಕದಲ್ಲಿ ಆಲೆಮನೆಯ ನಾಲ್ಕು ಅಚ್ಚು ಬೆಲ್ಲ,
ಅವಳು ಊಟವಾದ ಮೇಲೆ ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಳ್ಳುವುದು
ನನಗೆ ಮದುವೆಯಾದ ವರ್ಷದಿಂದ ಗೊತ್ತು.
ಸುತ್ತಿದ್ದು ಕಪ್ಪು ಟೇಪು.
"ಕಪ್ಪು ಯಾಕೆ, ಅಶುಭ?"
"ನ್ಯೂಟ್ರಲ್. ಅದಿಲ್ದಿದ್ರೆ ಮೂರು ಫೇಸಿದ್ದೂ ಮನೇಲಿ ಬಲ್ಬು ಹತ್ತಲ್ಲ."
ಅವಳು ಡಬ್ಬಿಯನ್ನು ಎಡಗೈಲಿ ತಿರುಗಿಸಿ ನೋಡಿ
"ಮುಚ್ಚಳ ಸೊಟ್ಟ ಹಾಕಿದ್ದೀರಿ" ಅಂದಳು.

ಹಿರಿಯೂರು ದಾಟಿ ಒಂದು ಹುಣಸೆಮರ.
ಜಮಖಾನ ಹಾಸಿ, ನೀಲಿ ಟೇಪು ಕಿತ್ತೆ.
ಅನ್ನ ಹಾಲಿನಲ್ಲಿ ಈಜುತ್ತಿತ್ತು, ಮನೇಲಿದ್ದ ಹಾಗೇ.
ಎಲ್ಲರೂ ಡಬ್ಬಿ ನೋಡಿದರು, ಆಮೇಲೆ ನನ್ನ.
"ಹೆಪ್ಪು?" ಅಂದಳು ಸರ್ವಮಂಗಳೆ.
ಅವಳ ತುಟಿಯ ಕೊನೆ ನಡುಗಿತು, ಕಟ್ಟು ಹಾಕಿದ ಕೈ ಅಲುಗುವಷ್ಟು ನಕ್ಕಳು.
"ಉಪ್ಪು ಹಾಕಿಲ್ವಲ್ಲ, ಪುಣ್ಯ. ಕೊಡಿ ಇಲ್ಲಿ ಆ ಕರೀದು."

ನಾಲ್ಕು ಅಚ್ಚು, ಹತ್ತು ತಟ್ಟೆ.
ರಫೀಕ ಕಲ್ಲಲ್ಲಿ ಜಜ್ಜಿಕೊಟ್ಟ.
ಅವ್ವ ಶುಗರ್ ಮರೆತವಳ ಹಾಗೆ ಮೊದಲು ಕೈ ಚಾಚಿದಳು,
ಯಾರೂ ನೋಡದವರ ಹಾಗೆ ಕೂತೆವು.

ಗುತ್ತಲಿನಲ್ಲಿ, ಬೀಗ ಹಾಕಿದ ಮನೆಯ ಅಡುಗೆ ಕಟ್ಟೆಯ ಮೇಲೆ,
ಒಂದು ಪುಟ್ಟ ಬಟ್ಟಲು,
ಅದರೊಳಗೆ ಒಂದು ಚಮಚ ಮೊಸರು.